ಹೊಲದ ಪಾಲು ಇಳಿಯಿತು, ಕೊಟ್ಟಿಗೆಯ ಪಾಲು ಏರಿತು: ದೇಶದ ಹನ್ನೆರಡು ವರ್ಷದ ಲೆಕ್ಕದ ಬಗ್ಗೆ ಚರ್ಚೆ

ದಾವಣಗೆರೆ ಹುಡುಗ

ಕೇಂದ್ರದ ಅಂಕಿಅಂಶ ಸಚಿವಾಲಯ 2025ರ ಜೂನ್‌ನಲ್ಲಿ ಒಂದು ವರದಿ ಹೊರತಂದಿತು. ಬೆಳೆ, ಪಶುಸಂಗೋಪನೆ, ಅರಣ್ಯ, ಮೀನುಗಾರಿಕೆ, ಈ ನಾಲ್ಕರಿಂದ ದೇಶದಲ್ಲಿ ವರ್ಷ ವರ್ಷ ಎಷ್ಟು ರೂಪಾಯಿಯ ಉತ್ಪನ್ನ ಬಂತು ಅನ್ನುವ ಲೆಕ್ಕ ಅದು. 2011-12ರಿಂದ 2023-24ರವರೆಗೆ ಇದೆ. ಮುಖ್ಯವಾದದ್ದನ್ನು ಇಲ್ಲಿ ಹಾಕುತ್ತಿದ್ದೇನೆ.

ಬೆಲೆ ಏರಿಕೆ ತೆಗೆದು, 2011-12ರ ಬೆಲೆಯಲ್ಲೇ ನೋಡಿದರೆ ಒಟ್ಟು ಉತ್ಪನ್ನ 19.08 ಲಕ್ಷ ಕೋಟಿಯಿಂದ 29.49 ಲಕ್ಷ ಕೋಟಿಗೆ ಬಂದಿದೆ. ಅಂದರೆ ಶೇ 54.6 ಏರಿಕೆ. ಆದರೆ ನಾಲ್ಕೂ ಒಂದೇ ಸಮ ಏರಿಲ್ಲ. ಪಶುಸಂಗೋಪನೆ 4.88 ಲಕ್ಷ ಕೋಟಿಯಿಂದ 9.19 ಲಕ್ಷ ಕೋಟಿ, ಹೆಚ್ಚೂಕಡಿಮೆ ದುಪ್ಪಟ್ಟು. ಮೀನಿನ ಪಾಲು ಶೇ 4.2 ಇದ್ದದ್ದು 7 ಆಗಿದೆ. ರೂಪಾಯಿ ಲೆಕ್ಕದಲ್ಲಿ ಇದು ಎರಡೂವರೆ ಪಟ್ಟು. ಅರಣ್ಯ 1.49 ಲಕ್ಷ ಕೋಟಿಯಿಂದ 2.27 ಲಕ್ಷ ಕೋಟಿ. ಬೆಳೆ ಮಾತ್ರ ಮೂರನೇ ಒಂದು ಭಾಗದಷ್ಟು ಏರಿದೆ. ಒಟ್ಟಿನಲ್ಲಿ ಅದರ ಪಾಲು ಸುಮಾರು ಶೇ 62 ಇದ್ದದ್ದು 54ಕ್ಕೆ ಇಳಿದಿದೆ.

ಬೆಳೆಯ ಒಳಗೂ ಬದಲಾವಣೆ ಇದೆ. ಹಣ್ಣುಗಳಲ್ಲಿ ವರ್ಷಗಟ್ಟಲೆ ಮೊದಲಿದ್ದ ಮಾವಿಗಿಂತ 2023-24ರಲ್ಲಿ ಬಾಳೆ ಮುಂದಿದೆ. ಬಾಳೆ 47 ಸಾವಿರ ಕೋಟಿ, ಮಾವು 46.1 ಸಾವಿರ ಕೋಟಿ.

ನನ್ನ ಮಾತು ಇಷ್ಟು. ಬೆಳವಣಿಗೆ ಇರುವುದು ಕೊಟ್ಟಿಗೆಯಲ್ಲಿ, ಮೀನಿನಲ್ಲಿ, ತೋಟದಲ್ಲಿ. ನಮ್ಮ ಬಜೆಟ್, ಟಿವಿ ಚರ್ಚೆ, ಹೋರಾಟ ಎಲ್ಲಾ ಇನ್ನೂ ಭತ್ತ, ಗೋಧಿ, ಕಬ್ಬಿನ ಸುತ್ತಲೇ ತಿರುಗುತ್ತಿವೆ. ಹಾಲು ಒಂದೇ ಪಶುಸಂಗೋಪನೆಯ ಶೇ 65.9, ಅಂದರೆ ಸುಮಾರು 6 ಲಕ್ಷ ಕೋಟಿ. ಧಾನ್ಯ, ಹಣ್ಣು, ತರಕಾರಿ ಎಲ್ಲಾ ಕೂಡಿದರೆ 8.4 ಲಕ್ಷ ಕೋಟಿ. ಸರ್ಕಾರದ ದುಡ್ಡು, ಸಂಶೋಧನೆ, ವಿಮೆ ಇನ್ನು ಮುಂದೆ ಹಾಲು, ಮೀನಿನ ಕಡೆಗೆ ತಿರುಗಬೇಕು. ನೀವೇನಂತೀರಿ?

ತೊಗರಿ ನಾಡು

ನಮ್ಮ ರೈತರ ವಾಟ್ಸಾಪ್ ಗುಂಪಿನಲ್ಲಿ ಕೃಷಿ ಉತ್ಪನ್ನ ಶೇ 225 ಜಾಸ್ತಿ ಆಗಿದೆ ಅಂತ ಬಂದಿತ್ತು. ನೀವು 54 ಅನ್ನುತ್ತೀರಿ. ಎರಡೂ ಅದೇ ವರದಿಯದ್ದೇ ಅಂತಾರೆ. ಯಾವುದನ್ನು ನಂಬಬೇಕ್ರಿ?

ನಿವೃತ್ತ ಎಣಿಕೆದಾರ

ಎರಡೂ ಸರಿ, ಆದರೆ ಬೇರೆ ಬೇರೆ ಲೆಕ್ಕ. 225 ಅನ್ನುವುದು ಆಯಾ ವರ್ಷದ ಬೆಲೆಯಲ್ಲಿ ಹಾಕಿದ್ದು. 15.02 ಲಕ್ಷ ಕೋಟಿ ಇದ್ದದ್ದು 48.78 ಲಕ್ಷ ಕೋಟಿ ಆಯಿತು. ಅದರಲ್ಲಿ ಬೆಲೆ ಏರಿಕೆಯೂ ಸೇರಿದೆ. ಇನ್ನೊಂದು ವಿಷಯ, ಅದು ಒಟ್ಟು ಉತ್ಪನ್ನ ಅಲ್ಲ. ಬೀಜ, ಗೊಬ್ಬರ, ಮೇವು, ಡೀಸೆಲ್ ಇವುಗಳ ಖರ್ಚು ಕಳೆದು ಉಳಿದ ಮೌಲ್ಯ. ದಾವಣಗೆರೆಯವರು ಹೇಳಿದ್ದು ಖರ್ಚು ಕಳೆಯದ, ಆದರೆ ಬೆಲೆ ಏರಿಕೆ ತೆಗೆದ ಲೆಕ್ಕ. ಉತ್ಪಾದನೆ ನಿಜವಾಗಿ ಎಷ್ಟು ಬೆಳೆಯಿತು ಅಂತ ನೋಡಲು 54.6 ಸರಿಯಾದ ಅಂಕಿ. ಅದನ್ನೂ ಜನಸಂಖ್ಯೆ ಏರಿದ್ದರ ಪಕ್ಕದಲ್ಲಿಟ್ಟು ಓದಬೇಕು. ತಲೆಗೆ ಹಂಚಿದರೆ ಇನ್ನೂ ಕಡಿಮೆ.

ಯಾವ ಲೆಕ್ಕ ಅಂತ ಹೇಳದೆ 225 ಅಂತ ಹಂಚುವುದನ್ನು ದಯವಿಟ್ಟು ನಿಲ್ಲಿಸಿ. ಅದನ್ನು ನೋಡಿದ ಪೇಟೆಯ ಜನ ರೈತರ ವರಮಾನ ಮೂರು ಪಟ್ಟು ಆಯಿತು ಅಂತಲೇ ತಿಳಿಯುತ್ತಾರೆ.

ತೊಗರಿ ನಾಡು

ಥ್ಯಾಂಕ್ಸ್ ಸರ್. ಹಂಗಾದರೆ ಇನ್ನೊಂದು ಕೇಳುತ್ತೇನೆ. ಬೆಲೆ ಏರಿಕೆ ತೆಗೆದ ಲೆಕ್ಕ ಅಂದರೆ ಬೆಲೆ ಇಳಿಕೆಯನ್ನೂ ತೆಗೆದ ಲೆಕ್ಕ ಆಯಿತಲ್ವಾ?

2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ಮರುವರ್ಷ ಎಲ್ಲರೂ ತೊಗರಿ ಬಿತ್ತಿದರು. ಮಳೆಯೂ ಕೈಹಿಡಿಯಿತು. ದೇಶದ ತೊಗರಿ 2015-16ರಲ್ಲಿ ಸುಮಾರು 25.6 ಲಕ್ಷ ಟನ್ ಇದ್ದದ್ದು 2016-17ರಲ್ಲಿ 48.7 ಲಕ್ಷ ಟನ್ ಆಯಿತು. ಬೆಂಬಲ ಬೆಲೆ ಬೋನಸ್ ಸೇರಿ ಕ್ವಿಂಟಲ್ಲಿಗೆ 5,050 ಇತ್ತು. ರಾಶಿ ಮಾಡಿ ಅಡತಿಗೆ ಒಯ್ದರೆ ಅಷ್ಟೂ ಸಿಗಲಿಲ್ಲ. ಖರೀದಿ ಕೇಂದ್ರದ ಮುಂದೆ ಚೀಲ ಇಳಿಸಿ ಜನ ರಾತ್ರಿಯೆಲ್ಲಾ ಅಲ್ಲೇ ಮಲಗಿದರು. ಗೋಣಿಚೀಲ ಬಂದಿಲ್ಲ ಅಂತ ತೂಕ ನಿಲ್ಲುತ್ತಿತ್ತು. ನಿಮ್ಮ ವರದಿಯಲ್ಲಿ ಆ ವರ್ಷ ತೊಗರಿಗೆ ಭಾಳ ಒಳ್ಳೆಯ ವರ್ಷ. ನಮ್ಮ ಕಡೆ ಅದೇ ವರ್ಷ ಸಾಲ ತೀರಲಿಲ್ಲ.

ದಾವಣಗೆರೆ ತಮ್ಮಾ, ಬೆಳೆಯ ಪಾಲು ಇಳಿದಿದೆ ಅಂತ ಬೆಳೆಯನ್ನು ಬದಿಗೆ ಸರಿಸಬೇಡ. ದ್ವಿದಳ ಧಾನ್ಯ ನೋಡು. 2021-22ರಲ್ಲಿ 273 ಲಕ್ಷ ಟನ್ ಇತ್ತು. 2023-24ರಲ್ಲಿ 242 ಲಕ್ಷ ಟನ್. ಕಡಿಮೆ ಬಿದ್ದದ್ದಕ್ಕೆ 2024-25ರಲ್ಲಿ ಹೊರದೇಶದಿಂದ 70 ಲಕ್ಷ ಟನ್‌ಗಿಂತ ಜಾಸ್ತಿ ತಂದರು. ನಮ್ಮಲ್ಲಿ ನೆಟೆ ರೋಗ ಬಂದು ಹೊಲಕ್ಕೆ ಹೊಲವೇ ಒಣಗುತ್ತದೆ. ನಿಂತ ಗಿಡ, ಹೂವು ಕಾಯಿ ಎಲ್ಲಾ ಇರುತ್ತದೆ, ವಾರದಲ್ಲಿ ಬಾಡಿ ಕಡ್ಡಿ ಆಗುತ್ತದೆ. ಸಂಶೋಧನೆಯ ದುಡ್ಡು ಬೇಕಾಗಿರುವುದು ಇಲ್ಲಿ.

ಕೊಟ್ಟಿಗೆ ಮನೆ

ಮದ್ದೂರು ಕಡೆಯವಳು. ಮನೆಯಲ್ಲಿ ಸೀಮೆಹಸು ಕಟ್ಟಿದ್ದೇವೆ. ಹಾಲಿನ ಬಗ್ಗೆ ಇಷ್ಟು ದೊಡ್ಡ ಅಂಕಿ ನೋಡಿ ಖುಷಿಯೇ ಆಯಿತು. ಆದರೆ ಈ 6 ಲಕ್ಷ ಕೋಟಿಯಲ್ಲಿ ಹಿಂಡಿ, ಬೂಸಾದ ದುಡ್ಡು ಕಳೆದಿಲ್ಲ ಅಂತ ಸರ್ ಹೇಳಿದ ಮೇಲೆ ಅರ್ಥವಾಯಿತು.

ನಮ್ಮ ಬಟವಾಡೆ ಚೀಟಿ ಹೇಗಿರುತ್ತದೆ ಹೇಳುತ್ತೇನೆ. ಒಂದು ಕಡೆ ಎಷ್ಟು ಲೀಟರ್, ಫ್ಯಾಟ್ ಎಷ್ಟು, ಫ್ಯಾಟ್ ಬಿಟ್ಟು ಉಳಿದ ಗಟ್ಟಿ ಅಂಶ ಅಂದರೆ ಎಸ್‌ಎನ್‌ಎಫ್ ಎಷ್ಟು. ಎಸ್‌ಎನ್‌ಎಫ್ 8.5ಕ್ಕಿಂತ ಕೆಳಗೆ ಬಂದರೆ ದರ ಕಡಿಮೆ. ಇನ್ನೊಂದು ಕಡೆ ಕಡಿತ. ಪಶು ಆಹಾರದ ಮೂಟೆ, ಖನಿಜ ಮಿಶ್ರಣ, ವಿಮೆ. ಹಸಿ ಮೇವು ಇಲ್ಲದ ತಿಂಗಳಲ್ಲಿ ಎಡಗಡೆಯದ್ದೂ ಬಲಗಡೆಯದ್ದೂ ಹತ್ತಿರ ಹತ್ತಿರ ಬಂದುಬಿಡುತ್ತದೆ. ಕೆಚ್ಚಲು ಬಾವು ಬಂದರೆ ಮುಗಿಯಿತು, ಆ ವಾರ ಹಾಲೂ ಇಲ್ಲ, ಔಷಧಿ ಖರ್ಚು ಬೇರೆ. ಬೆಳಗ್ಗೆ ಐದಕ್ಕೆ ಎದ್ದು ಸಗಣಿ ಬಾಚುವ ಕೂಲಿಯನ್ನು ಯಾರೂ ಎಲ್ಲೂ ಬರೆಯುವುದಿಲ್ಲ. ಅದನ್ನು ಮಾಡುವವರು ಹೆಂಗಸರು.

ನಿವೃತ್ತ ಎಣಿಕೆದಾರ

ಕೊಟ್ಟಿಗೆ ಮನೆಯವರ ಮಾತಿಗೆ ಒಂದು ಸೇರಿಸುತ್ತೇನೆ ಅಮ್ಮ. ಸಗಣಿಯೂ ಈ ಲೆಕ್ಕದಲ್ಲಿದೆ. ಗೊಬ್ಬರವಾಗಿ, ಬೆರಣಿಯಾಗಿ ಅದಕ್ಕೆ ಬೆಲೆ ಕಟ್ಟಿ ಪಶುಸಂಗೋಪನೆಯ ಉತ್ಪನ್ನಕ್ಕೆ ಸೇರಿಸುತ್ತಾರೆ. ಹಾಗೇ ಹುಲ್ಲು, ಕಡ್ಡಿ, ಹೊಟ್ಟು ಬೆಳೆಯ ಉತ್ಪನ್ನಕ್ಕೆ ಸೇರುತ್ತದೆ. ನಿಮ್ಮ ಗದ್ದೆಯ ಹುಲ್ಲನ್ನು ನಿಮ್ಮದೇ ಹಸು ತಿಂದರೆ, ಹುಲ್ಲಿನ ಮೌಲ್ಯ ಬೆಳೆಯಲ್ಲಿ ಒಮ್ಮೆ ಬರುತ್ತದೆ, ಹಾಲಿನ ಬೆಲೆಯೊಳಗೆ ಮತ್ತೊಮ್ಮೆ ಇರುತ್ತದೆ. ಖರ್ಚು ಕಳೆದ ಮೌಲ್ಯ ತೆಗೆಯುವಾಗ ಅದು ಸರಿಹೋಗುತ್ತದೆ. ಆದ್ದರಿಂದ ಯಾರ ಕೈಗೆ ಎಷ್ಟು ಉಳಿಯಿತು ಅನ್ನುವ ಪ್ರಶ್ನೆಯನ್ನು ಒಟ್ಟು ಉತ್ಪನ್ನದ ಅಂಕಿಗೆ ಕೇಳಬಾರದು. ದೇಶ ಎಷ್ಟು ಉತ್ಪಾದಿಸಿತು, ಯಾವುದು ಏರಿತು, ಯಾವುದು ಇಳಿಯಿತು ಅನ್ನುವುದನ್ನಷ್ಟೇ ಅದು ಹೇಳಬಲ್ಲದು.

ವರ್ಷದ ಏರಿಳಿತದ ಬಗ್ಗೆಯೂ ಯಾರೂ ಹೇಳಲಿಲ್ಲ. ಮೊದಲ ವರ್ಷ, ಕೊನೆಯ ವರ್ಷ ಎರಡನ್ನೇ ಹಿಡಿದು ಮಾತಾಡಿದರೆ ನಡುವಿನದ್ದು ಕಾಣುವುದಿಲ್ಲ. ಆಹಾರ ಧಾನ್ಯ ನೋಡಿ. 2013-14ರಲ್ಲಿ 26.5 ಕೋಟಿ ಟನ್. 2014, 2015 ಎರಡೂ ವರ್ಷ ಮುಂಗಾರು ಕೈಕೊಟ್ಟು 25.2 ಕೋಟಿ ಟನ್ ಆಸುಪಾಸಿಗೆ ಇಳಿಯಿತು. 2016-17ರಲ್ಲಿ 27.5ಕ್ಕೆ ಹಾರಿತು. 2023-24ರ ಹೊತ್ತಿಗೆ 33.2. ಹಾಲಿನ ಗೆರೆಯಲ್ಲಿ ಇಂಥ ತಗ್ಗು ಇಲ್ಲ. 2014-15ರಲ್ಲಿ 14.6 ಕೋಟಿ ಟನ್ ಇದ್ದದ್ದು ಒಂದು ವರ್ಷವೂ ಇಳಿಯದೆ 2023-24ರಲ್ಲಿ 23.9 ಕೋಟಿ ಟನ್ ಆಗಿದೆ.

ದಾವಣಗೆರೆ ಹುಡುಗ

ಸರ್, ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ಬೇಡ. ಬರ ಬಂದರೂ ಇಳಿಯದ ಉತ್ಪನ್ನ ಹಾಲು. ಕೋವಿಡ್ ವರ್ಷ ಇಡೀ ದೇಶದ ಆರ್ಥಿಕತೆ ಕುಸಿದಾಗಲೂ ಕೃಷಿ ವಲಯ ಶೇ 4ರಷ್ಟು ಬೆಳೆದಿತ್ತು.

ಕೈಗೆ ಉಳಿಯುವುದರ ಬಗ್ಗೆ ಕೇಳಿದಿರಿ. ಅದಕ್ಕೂ ಅಂಕಿ ಇದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ರೈತ ಕುಟುಂಬಗಳ ವರಮಾನ ಕೇಳಿ ಬರೆದಿದ್ದಾರೆ. 2012-13ರಲ್ಲಿ ತಿಂಗಳಿಗೆ ಸರಾಸರಿ 6,426 ರೂಪಾಯಿ. 2018-19ರಲ್ಲಿ 10,218. ಅದರಲ್ಲಿ ಬೆಳೆಯಿಂದ ಬಂದದ್ದು 3,081ರಿಂದ 3,798ಕ್ಕೆ ಏರಿದೆ. ಜಾನುವಾರಿನಿಂದ ಬಂದದ್ದು 763ರಿಂದ 1,582ಕ್ಕೆ ಏರಿದೆ. ಇದು ಖರ್ಚು ಕಳೆದು ಉಳಿದದ್ದು. ಬೆಳೆಯ ವರಮಾನ ಬೆಲೆ ಏರಿಕೆಯಷ್ಟೂ ಏರಿಲ್ಲ. ಹಸು, ಕುರಿ, ಕೋಳಿಯ ವರಮಾನ ದುಪ್ಪಟ್ಟಾಗಿದೆ. ಕೊಟ್ಟಿಗೆ ಮನೆ ಅಕ್ಕ, ನಿಮ್ಮ ಕಷ್ಟ ನಿಜ. ಆದರೆ ದೇಶದ ಮಟ್ಟದಲ್ಲಿ ಹಸು ಕಟ್ಟಿದ ಮನೆಗೆ ಏನೋ ಒಂದಿಷ್ಟು ತಲುಪಿದೆ ಅನ್ನುವುದೂ ನಿಜ.

ತೊಗರಿ ನಾಡು

ಅದೇ ಸಮೀಕ್ಷೆಯಲ್ಲಿ ಎಲ್ಲಕ್ಕಿಂತ ದೊಡ್ಡ ವರಮಾನ ಯಾವುದು ಅದನ್ನೂ ಹೇಳು ತಮ್ಮಾ. ಕೂಲಿ. 4,063 ರೂಪಾಯಿ. ರೈತ ಅಂತ ಕರೆಸಿಕೊಳ್ಳುವವನಿಗೆ ಬೆಳೆಗಿಂತ ಜಾಸ್ತಿ ದುಡ್ಡು ಬರುವುದು ಇನ್ನೊಬ್ಬರ ಕೆಲಸಕ್ಕೆ ಹೋಗಿ.

ಕೊಟ್ಟಿಗೆ ಮನೆ

ಹಾಲಿನ ಗೆರೆ ಬರದಲ್ಲೂ ಇಳಿಯಲಿಲ್ಲ ಅಂದಿರಿ. ಅದು ತಾನಾಗೇ ನಿಂತದ್ದಲ್ಲ. ಗೆರೆ ಇಳಿಯದಿರಲು ನಾವು ದುಡ್ಡು ಸುರಿದಿದ್ದೇವೆ.

2023ರಲ್ಲಿ ಕರ್ನಾಟಕದ 236 ತಾಲ್ಲೂಕಿನಲ್ಲಿ 223 ಬರ ಪೀಡಿತ ಅಂತ ಘೋಷಣೆ ಆಗಿತ್ತು. ಮುಂದಿನ ಬೇಸಿಗೆಗೆ ನಾಲೆಯಲ್ಲಿ ನೀರಿಲ್ಲ, ಗದ್ದೆ ಒಣಗಿತ್ತು, ಹುಲ್ಲು ಇಲ್ಲ. ಹಸುವಿಗೆ ಬರ ಅಂತ ಹೇಳಿ ಉಪವಾಸ ಕೆಡವಲು ಆಗುತ್ತದೆಯೇ? ಲಾರಿಯಲ್ಲಿ ಬಂದ ಒಣಹುಲ್ಲನ್ನು ಕೇಳಿದ ಬೆಲೆಗೆ ಕೊಂಡೆವು. ಸಂಘದಿಂದ ಸಾಲ ತೆಗೆದೆವು. ನಮ್ಮ ಬೀದಿಯಲ್ಲೇ ಒಬ್ಬರು ಗಬ್ಬದ ಹಸುವನ್ನು ಅರ್ಧ ಬೆಲೆಗೆ ಮಾರಿದರು. ಆ ಹಸು ಬೇರೆ ಊರಲ್ಲಿ ಕರೆಯುತ್ತದೆ, ದೇಶದ ಲೆಕ್ಕದಲ್ಲಿ ಹಾಲು ಹಾಗೇ ಇರುತ್ತದೆ. ಮಾರಿದವರ ಮನೆಯಲ್ಲಿ ಇರುವುದಿಲ್ಲ.

ಅದರ ಹಿಂದಿನ ವರ್ಷ 2022ರಲ್ಲಿ ಚರ್ಮಗಂಟು ರೋಗ ಬಂದಿತ್ತು. ಮೈಯೆಲ್ಲಾ ಗಂಟು, ಕಾಲು ಊದಿ ಹಸು ಮಲಗಿದರೆ ಏಳುವುದಿಲ್ಲ. ಬದುಕಿದ ಹಸುವೂ ಮೊದಲಿನಷ್ಟು ಹಾಲು ಕೊಡಲಿಲ್ಲ. ಆ ವರ್ಷದ್ದೂ ದೇಶದ ಗೆರೆ ಮೇಲೆಯೇ ಹೋಗಿದೆ ಅಲ್ವಾ?

ಚಳ್ಳಕೆರೆ ಕುರಿಹಟ್ಟಿ

ಎಲ್ಲರೂ ಹಾಲು ಹಾಲು ಅನ್ನುತ್ತಿದ್ದೀರಿ. ಅದೇ ವರದಿಯಲ್ಲಿ ಹಾಲಿನ ಪಾಲು ಶೇ 67.2ರಿಂದ 65.9ಕ್ಕೆ ಇಳಿದಿದೆ. ಮಾಂಸದ ಪಾಲು 19.7ರಿಂದ 24.1ಕ್ಕೆ ಏರಿದೆ. ಜಾಸ್ತಿ ಓಡುತ್ತಿರುವುದು ಮಾಂಸ.

ಆದರೆ ಇದರಲ್ಲಿ ನಮ್ಮ ಕುರಿಯ ಪಾಲು ಎಷ್ಟು ಅಂತ ಬಿಡಿಸಿ ನೋಡಬೇಕು. 2023-24ರಲ್ಲಿ ದೇಶದ ಮಾಂಸ 102.5 ಲಕ್ಷ ಟನ್. ಅದರಲ್ಲಿ ಅರ್ಧದ ಹತ್ತಿರ ಕೋಳಿ. ಕೋಳಿ ಅಂದರೆ ಶೆಡ್ಡಿನ ಬ್ರಾಯ್ಲರ್. ಕಂಪನಿಯವರು ಮರಿ ಕೊಡುತ್ತಾರೆ, ಮೇವು ಕೊಡುತ್ತಾರೆ, ಸಾಕಿದವನಿಗೆ ಕಿಲೋಗೆ ಇಷ್ಟು ಅಂತ ಸಾಕಣೆ ಕೂಲಿ. ಶೆಡ್ಡಿನ ಸಾಲ ಸಾಕುವವನ ತಲೆ ಮೇಲೆ.

ಕುರಿಯೂ ಹೆಚ್ಚಿದೆ. 2019ರ ಜಾನುವಾರು ಗಣತಿಯಲ್ಲಿ 7.43 ಕೋಟಿ ಕುರಿ, ಹಿಂದಿನ ಗಣತಿಗಿಂತ ಶೇ 14 ಜಾಸ್ತಿ. ಕುರಿ ಹೆಚ್ಚಿದರೂ ಉಣ್ಣೆ ಇಳಿದಿದೆ. 2014-15ರಲ್ಲಿ 481 ಲಕ್ಷ ಕಿಲೋ ಇದ್ದ ಉಣ್ಣೆ 2023-24ಕ್ಕೆ 337 ಲಕ್ಷ ಕಿಲೋ. ನಮ್ಮ ಹಟ್ಟಿಗಳಲ್ಲಿ ಕಾರಣ ಕಣ್ಣಿಗೇ ಕಾಣುತ್ತದೆ. ಮೊದಲು ವರ್ಷಕ್ಕೆ ಎರಡು ಸಲ ಕುರಿಯ ಉಣ್ಣೆ ಕತ್ತರಿಸಿ ತೆಗೆದು, ಕಂಬಳಿ ನೇಯುವವರಿಗೆ ಕೊಡುತ್ತಿದ್ದರು. ಈಗ ಕತ್ತರಿಸುವ ಕೂಲಿ ಉಣ್ಣೆಯ ಬೆಲೆಗಿಂತ ಜಾಸ್ತಿ. ತೆಗೆದ ಉಣ್ಣೆ ಕೊಳ್ಳುವವರಿಲ್ಲದೆ ಬೇಲಿ ಮೇಲೆ ಬಿದ್ದಿರುತ್ತದೆ. ಹಾಗಾಗಿ ಉಣ್ಣೆಯ ಕುರಿ ಬಿಟ್ಟು ಮಾಂಸಕ್ಕೆ ತೂಗುವ ಕೆಂಗುರಿ, ಯಳಗ ತಳಿಗಳ ಕಡೆ ಜನ ಹೋಗುತ್ತಿದ್ದಾರೆ. ಕಂಬಳಿ ನೇಯುವ ಮಗ್ಗಗಳು ನಿಂತದ್ದು ಇದರ ಇನ್ನೊಂದು ಮುಖ. ಒಟ್ಟು ಅಂಕಿ ಏರಿದೆ ಅಂದಾಗ ಒಳಗೆ ಏನು ಸತ್ತುಹೋಯಿತು ಅಂತಲೂ ಕೇಳಬೇಕು.

ಕುರಿ ಮೇಯಿಸುವ ಗೋಮಾಳ, ಹುಲ್ಲುಗಾವಲು ಪ್ರತಿ ವರ್ಷ ಕಡಿಮೆ ಆಗುತ್ತಿದೆ. ಮೇಯುವ ಜಾಗದ ಅಂಕಿ ಈ ವರದಿಯಲ್ಲಿ ಎಲ್ಲೂ ಇಲ್ಲ.

ಮಲ್ಪೆ ಧಕ್ಕೆ

ಮೀನಿನ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ, ನಾನು ಹೇಳುತ್ತೇನೆ.

ಎರಡೂವರೆ ಪಟ್ಟು ಏರಿಕೆ ಅಂದರೆ ಸಮುದ್ರದಲ್ಲಿ ಮೀನು ಉಕ್ಕುತ್ತಿದೆ ಅಂತ ಓದಬೇಡಿ. ಸರ್ಕಾರದ ಲೆಕ್ಕದಲ್ಲಿ 2022-23ರಲ್ಲಿ ದೇಶದ ಒಟ್ಟು ಮೀನು 175 ಲಕ್ಷ ಟನ್. ಅದರಲ್ಲಿ 131 ಲಕ್ಷ ಟನ್ ಒಳನಾಡಿನದ್ದು. ಆಂಧ್ರದ ಕೊಳಗಳು, ಬಂಗಾಳದ ಕೆರೆಗಳು. ಸಮುದ್ರದ್ದು ಬರೀ 44 ಲಕ್ಷ. ತೂಕ ಏರಿದ್ದು ಬಹುಪಾಲು ಕೊಳದಲ್ಲಿ.

ಆದರೆ ರೂಪಾಯಿ ಲೆಕ್ಕ ನೋಡಿ. ಒಳನಾಡಿನ ಮೀನಿನ ಪಾಲು ಶೇ 57.7ರಿಂದ 50.2ಕ್ಕೆ ಇಳಿದಿದೆ. ಸಮುದ್ರದ ಮೀನು 42.3ರಿಂದ 49.8ಕ್ಕೆ ಏರಿದೆ. ತೂಕದಲ್ಲಿ ಕಾಲು ಭಾಗ, ಮೌಲ್ಯದಲ್ಲಿ ಅರ್ಧ.

ಕೊಚ್ಚಿಯ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಧಕ್ಕೆ ಧಕ್ಕೆಗೆ, ಅಂದರೆ ಮೀನು ಇಳಿಸುವ ಕಟ್ಟೆಗಳಿಗೆ, ಬಂದು ಇಳಿದ ಮೀನನ್ನು ನೋಡಿ ಪ್ರತಿ ವರ್ಷ ಬೇರೆಯೇ ಅಂದಾಜು ಮಾಡುತ್ತಾರೆ, ಸರ್ಕಾರದ 44 ಲಕ್ಷಕ್ಕೆ ಅದು ಹೊಂದುವುದಿಲ್ಲ. 2012ರಲ್ಲಿ ದೇಶದ ಸಮುದ್ರ ಮೀನು 39.4 ಲಕ್ಷ ಟನ್ ಇತ್ತು. 2020ರಲ್ಲಿ ಕೋವಿಡ್‌ನಿಂದ 27.3ಕ್ಕೆ ಬಿತ್ತು. 2023ರಲ್ಲಿ 35.3, 2024ರಲ್ಲಿ 34.7. ಹನ್ನೆರಡು ವರ್ಷ ಆದರೂ ಹಳೆಯ ಮಟ್ಟ ಮುಟ್ಟಿಲ್ಲ. ಈ ನಡುವೆ ಬೋಟುಗಳ ಇಂಜಿನ್ ದೊಡ್ಡದಾಗಿದೆ. ಬಲೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟ್ ಒಮ್ಮೆ ಹೋದರೆ ಹತ್ತು ದಿನ ಸಮುದ್ರದಲ್ಲೇ. ಅದೇ ಮೀನಿಗೆ ಡೀಸೆಲ್, ಐಸ್ ಜಾಸ್ತಿ ಸುಡುತ್ತಿದ್ದೇವೆ.

ಬೂತಾಯಿ (ಸಾರ್ಡೀನ್) ಮೀನಿನ ಕತೆ ಕೇಳಿ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ 3,297 ಟನ್. ನೂರನೇ ಒಂದು ಪಾಲೂ ಇಲ್ಲ. ನಮ್ಮ ಕರಾವಳಿಯಲ್ಲೂ ಆ ವರ್ಷಗಳಲ್ಲಿ ಸುತ್ತುಬಲೆಯ ಪರ್ಸಿನ್ ಬೋಟುಗಳು ಖಾಲಿ ಬಲೆ ಎತ್ತಿಕೊಂಡು ಬಂದದ್ದಿದೆ. ಆಮೇಲೆ ಮತ್ತೆ ಬಂತು. ಬೂತಾಯಿ ಮಳೆ, ನೀರಿನ ಬಿಸಿ ನೋಡಿ ಏರಿಳಿಯುತ್ತದೆ. ಒಂದು ಒಳ್ಳೆಯ ವರ್ಷ ನೋಡಿ ಮೀನುಗಾರಿಕೆ ಬೆಳೆಯಿತು ಅನ್ನುವುದು ಸರಿಯಲ್ಲ. 2022ರಲ್ಲಿ ಕರ್ನಾಟಕಕ್ಕೆ 6.95 ಲಕ್ಷ ಟನ್ ಬಂದು, ತಮಿಳುನಾಡಿನ ನಂತರ ಎರಡನೇ ಜಾಗ ಸಿಕ್ಕಿತ್ತು. ಎಲ್ಲಾ ವರ್ಷ ಹಾಗೆ ಬರುವುದಿಲ್ಲ.

ಏಲಂ ಆಗುವಾಗ ಬಂದು ನೋಡಿ. ಅಂಜಲ್, ಮಾಂಜಿ, ಬೊಂಡಾಸ್, ಈ ದುಬಾರಿ ಮೀನು ಬೇರೆ ರಾಶಿ. ಅವಕ್ಕೆ ಎಕ್ಸ್‌ಪೋರ್ಟ್‌ನವರು ನಿಂತಿರುತ್ತಾರೆ. ಪಕ್ಕದಲ್ಲಿ ಬೆರಳುದ್ದದ ಮರಿಮೀನಿನ ಬಾಕ್ಸ್‌ಗಳು, ಅವು ನೇರ ಮೀನು ಪುಡಿ ಮಾಡುವ ಫಿಶ್‌ಮಿಲ್‌ಗೆ. ಆ ಮರಿ ಬೆಳೆದಿದ್ದರೆ ಎಷ್ಟು ಪಟ್ಟು ತೂಕ, ಎಷ್ಟು ಪಟ್ಟು ಬೆಲೆ! ಆದರೆ ಈ ವರ್ಷದ ಲೆಕ್ಕಕ್ಕೆ ಮರಿಯೂ ಟನ್ನೇ. ಮುಂದಿನ ವರ್ಷದ ಮೀನನ್ನು ಈ ವರ್ಷವೇ ತೂಗಿ ಉತ್ಪಾದನೆ ಅಂತ ಬರೆಯುತ್ತಿದ್ದೇವೆ. ಇದು ನನಗೆ ಸಹಿಸಲು ಆಗುವುದಿಲ್ಲ. ಜೂನ್, ಜುಲೈ ಎರಡು ತಿಂಗಳು ಬೋಟ್ ಕಟ್ಟುತ್ತೇವೆ, ಅಷ್ಟು ಸಾಲದು. ಸಣ್ಣ ಕಣ್ಣಿನ ಬಲೆ, ಲೈಟ್ ಹಾಕಿ ಹಿಡಿಯುವುದು ನಿಜವಾಗಿ ನಿಲ್ಲಬೇಕು. ಲೈಟ್ ಮೀನುಗಾರಿಕೆಯನ್ನು ಕೇಂದ್ರ 2017ರಲ್ಲೇ ನಿಷೇಧಿಸಿದೆ.

ದಾವಣಗೆರೆ ಹುಡುಗ

ಮಲ್ಪೆಯವರೇ, ಹಾಗಾದರೆ ಸಮುದ್ರದ ಪಾಲು ರೂಪಾಯಿಯಲ್ಲಿ ಏರಿದ್ದು ಹೇಗೆ? ಇದು ಸ್ಥಿರ ಬೆಲೆಯ, ಅಂದರೆ 2011-12ರ ಬೆಲೆಯಲ್ಲೇ ಹಾಕಿದ ಲೆಕ್ಕ.

ನಿವೃತ್ತ ಎಣಿಕೆದಾರ

ಸ್ಥಿರ ಬೆಲೆಯಲ್ಲೂ ತೂಕ ಹೆಚ್ಚದೆ ಮೌಲ್ಯ ಹೆಚ್ಚಬಹುದು. ಅಗ್ಗದ ಮೀನು ಕಡಿಮೆಯಾಗಿ ದುಬಾರಿ ಮೀನು, ಸಿಗಡಿ ಜಾಸ್ತಿ ಆದರೆ ಸಾಕು. ಒಟ್ಟು ಅಂಕಿಯ ಹಿಂದೆ ಯಾವ ಮೀನು ಎಷ್ಟು ಅಂತ ನೋಡದೆ ತೀರ್ಮಾನಕ್ಕೆ ಬರಬಾರದು. ಹಾಲಿಗೂ ಇದೇ ಮಾತು. ದನಗಳ ಸಂಖ್ಯೆ 2012ರಿಂದ 2019ಕ್ಕೆ ಶೇ 1ರಷ್ಟೂ ಹೆಚ್ಚಿಲ್ಲ. ಆದರೆ ನಾಡಹಸು ಶೇ 6 ಕಡಿಮೆಯಾಗಿ, ಮಿಶ್ರತಳಿ ಕಾಲು ಭಾಗಕ್ಕಿಂತ ಜಾಸ್ತಿ ಏರಿತು. ಹಾಲು ಏರಿದ್ದಕ್ಕೆ ಅದೂ ಒಂದು ಕಾರಣ.

ಕಳಸದ ಕಾಡಂಚು

ಅರಣ್ಯದ ಅಂಕಿಗೆ ಯಾರೂ ಕೈ ಹಾಕಿಲ್ಲ. 1.49ರಿಂದ 2.27 ಲಕ್ಷ ಕೋಟಿ ಅಂದರೆ ಕಾಡು ಕಡಿಯುತ್ತಿದ್ದಾರೆ ಅಂತ ಓದುವವರು ತಿಳಿಯಬಹುದು. ವಿಷಯ ಹಾಗಿಲ್ಲ.

ಈ ವಿಭಾಗದಲ್ಲಿ ಕಾರ್ಖಾನೆಗೆ, ಪೀಠೋಪಕರಣಕ್ಕೆ ಹೋಗುವ ಮರದ ಪಾಲು ಶೇ 49.9ರಿಂದ 70.2ಕ್ಕೆ ಏರಿದೆ. ಸೌದೆಯ ಪಾಲು ಇಳಿದಿದೆ. 2016ರ ಉಜ್ವಲ ಯೋಜನೆಯ ಆಮೇಲೆ ಹಳ್ಳಿಗೆ ಗ್ಯಾಸ್ ಬಂದದ್ದೂ ಅದಕ್ಕೆ ಒಂದು ಕಾರಣ. ಮರ ಎಲ್ಲಿಂದ? 1996ರಲ್ಲಿ ಸುಪ್ರೀಂ ಕೋರ್ಟ್ ಕಾಡಿನ ಮರ ಕಡಿತಕ್ಕೆ ಬಿಗಿ ಹಾಕಿದ ಮೇಲೆ ಹೆಚ್ಚಿನ ಮರ ಬರುವುದು ರೈತರ ಜಮೀನಿನಿಂದ. ಕಾಡಿನ ಹೊರಗಿನ ಮರಗಳಿಂದ ವರ್ಷಕ್ಕೆ ಸುಮಾರು 9 ಕೋಟಿ ಘನ ಮೀಟರ್ ಮರ ಸಿಗಬಹುದು ಅಂತ ಅರಣ್ಯ ಸಮೀಕ್ಷೆಯವರ 2023ರ ವರದಿಯೇ ಹೇಳುತ್ತದೆ. ಅಂದರೆ 'ಅರಣ್ಯ' ಅಂತ ಬರೆದ ಸಾಲಿನಲ್ಲಿರುವುದು ಬಹುಮಟ್ಟಿಗೆ ರೈತನ ತೋಟದ ಮರ.

ನಮ್ಮ ತೋಟದಲ್ಲೇ ನೋಡಿ. ಕಾಫಿಗೆ ನೆರಳು ಬೇಕು, ಮೆಣಸಿನ ಬಳ್ಳಿಗೆ ಆಸರೆ ಬೇಕು. ಸಿಲ್ವರ್ ಓಕ್ ಮರ ಎರಡಕ್ಕೂ ಆಗುತ್ತದೆ. ನೇರ ಬೆಳೆಯುತ್ತದೆ, ಬೇಗ ದಪ್ಪ ಆಗುತ್ತದೆ, ಪ್ಲೈವುಡ್‌ನವರು ಬಂದು ಒಯ್ಯುತ್ತಾರೆ. ಕಡಿಯಲು ಅನುಮತಿ ಬೇಡದ ಮರಗಳ ಪಟ್ಟಿಯಲ್ಲಿದೆ. ಅದೇ ಜಾಗದಲ್ಲಿ ಹಲಸು, ನಂದಿ, ಮತ್ತಿ ಇದ್ದರೆ ಕಾಗದಕ್ಕೆ ಅಲೆಯಬೇಕು. ಹಾಗಾಗಿ ಹಳೆಯ ಮರ ಹೋಗಿ ಸಾಲು ಸಾಲು ಸಿಲ್ವರ್ ಬಂದಿದೆ. ಅಂಕಿ ಏರಿದೆ. ಎಲೆ ಉದುರಿ ಮಣ್ಣಾಗುವುದು, ಹಕ್ಕಿ ಬರುವುದು, ಬೇಸಿಗೆಯ ತಂಪು ಇವೆಲ್ಲ ಇಳಿದಿದೆ. ಬಯಲುಸೀಮೆಯಲ್ಲಿ ನೀಲಗಿರಿ ಹೀಗೇ ಏರಿತ್ತು, ಅಂತರ್ಜಲದ ಕಾರಣಕ್ಕೆ ರಾಜ್ಯ 2017ರಲ್ಲಿ ಹೊಸದಾಗಿ ನೆಡುವುದನ್ನು ನಿಲ್ಲಿಸಿತು. ಈಗ ಆ ಜಾಗದಲ್ಲಿ ಹೆಬ್ಬೇವು ನೆಡುತ್ತಿದ್ದಾರೆ.

ನನ್ನ ಬೇಡಿಕೆ ಒಂದೇ. ರೈತ ತನ್ನ ಜಮೀನಿನಲ್ಲಿ ಬೆಳೆಸಿದ ಊರಿನ ಜಾತಿಯ ಮರಕ್ಕೂ ಸಿಲ್ವರ್‌ಗೆ ಇರುವ ಸಲೀಸು ಕೊಡಿ. ಗಂಧಕ್ಕೆ 2001ರ ತಿದ್ದುಪಡಿಯಲ್ಲಿ ಜಮೀನಿನವನೇ ಮಾಲೀಕ ಅಂತ ಮಾಡಿದರು. ಅದಾದ ಮೇಲೆಯೇ ಜನ ಗಂಧ ನೆಡಲು ಶುರು ಮಾಡಿದ್ದು.

ಚಳ್ಳಕೆರೆ ಕುರಿಹಟ್ಟಿ

ಗಂಧ ನೆಟ್ಟವರು ರಾತ್ರಿ ನಾಯಿ, ಸೋಲಾರ್ ಬೇಲಿ, ಕ್ಯಾಮೆರಾ ಇಟ್ಟು ಕಾಯುತ್ತಿದ್ದಾರೆ. ಅನುಮತಿ ಸಲೀಸಾದರೆ ಸಾಲದು, ಕಾವಲೂ ಬೇಕು. ಉಳಿದ ಮಾತು ಒಪ್ಪಿದೆ.

ತೊಗರಿ ನಾಡು

ಎಲ್ಲರ ಮಾತು ಓದಿದೆ. ಒಂದು ಅಂಕಿ ಇಲ್ಲಿ ಬರಲೇಬೇಕು. ದೇಶದಲ್ಲಿ ಕೆಲಸ ಮಾಡುವವರಲ್ಲಿ ಕೃಷಿಯಲ್ಲಿ ಇರುವವರು 2018-19ರಲ್ಲಿ ಶೇ 42.5. 2023-24ರಲ್ಲಿ ಶೇ 46.1. ಸರ್ಕಾರದ್ದೇ ಕಾರ್ಮಿಕ ಸಮೀಕ್ಷೆ. ಪೇಟೆಗೆ ಹೋದವರು ಕೋವಿಡ್‌ನಲ್ಲಿ ಹೊಲಕ್ಕೆ ವಾಪಸ್ ಬಂದರು, ಭಾಳ ಮಂದಿ ಮತ್ತೆ ಹೋಗಲಿಲ್ಲ. ಉತ್ಪನ್ನ ಏರಿದೆ ಸರಿ, ಹಂಚಿಕೊಳ್ಳುವ ಕೈಗಳೂ ಏರಿವೆ. ದಾವಣಗೆರೆ ತಮ್ಮಾ, ದುಡ್ಡನ್ನು ತೊಗರಿಯಿಂದ ಹಾಲಿಗೆ ತಿರುಗಿಸು ಅಂದರೆ ಆಳಂದದ ಎರೆ ಹೊಲದವನು ಏನು ಮಾಡಬೇಕು? ಅಲ್ಲಿ ಹಸಿ ಮೇವಿಗೆ ನೀರೇ ಇಲ್ಲ.

ದಾವಣಗೆರೆ ಹುಡುಗ

ಕಾಕಾ, ತೊಗರಿಯಿಂದ ಕಿತ್ತು ಹಾಲಿಗೆ ಕೊಡಿ ಅಂತ ನಾನು ಹೇಳುತ್ತಿಲ್ಲ. ಭತ್ತ, ಗೋಧಿಗೆ ಖಾತ್ರಿ ಖರೀದಿ ಇದೆ. ತೊಗರಿಗೆ ಬೆಂಬಲ ಬೆಲೆ ಇದೆ, 2025-26ಕ್ಕೆ ಕ್ವಿಂಟಲ್‌ಗೆ 8,000. ಖರೀದಿ ಸರಿಯಾಗಿ ಆಗುವುದಿಲ್ಲ, ಅದು ಜಗಳ ಮಾಡಬೇಕಾದ ವಿಷಯವೇ. ಆದರೆ ಹಾಲಿಗೆ, ಮೀನಿಗೆ ಬೆಂಬಲ ಬೆಲೆಯ ಮಾತೇ ಇಲ್ಲ. ದೇಶದ ಒಟ್ಟು ಉತ್ಪನ್ನದಲ್ಲಿ ಪಶುಸಂಗೋಪನೆ, ಮೀನು ಎರಡೂ ಸೇರಿ ಶೇ 38. ಇಷ್ಟು ದೊಡ್ಡ ಭಾಗಕ್ಕೆ ಬೆಲೆಯ ಆಸರೆ ಇಲ್ಲ ಅನ್ನುವುದೇ ನನ್ನ ಚಿಂತೆ.

ಮೆಕ್ಕೆಜೋಳವನ್ನೂ ನೋಡಿ. ನಮ್ಮ ದಾವಣಗೆರೆ, ಹಾವೇರಿ ಕಡೆಯ ಜೋಳವೇ ಕೋಳಿ ಮೇವು, ಹಸುವಿನ ಹಿಂಡಿಗೆ ಹೋಗುವುದು, ಈಗ ಎಥೆನಾಲ್‌ಗೂ. 2025-26ರ ಬೆಂಬಲ ಬೆಲೆ 2,400 ಇತ್ತು. ಮಾರುಕಟ್ಟೆ ಅದಕ್ಕಿಂತ ತುಂಬಾ ಕೆಳಗೆ ಬಿದ್ದು, 2025ರ ನವೆಂಬರ್‌ನಲ್ಲಿ ರೈತರು ರಸ್ತೆಗೆ ಇಳಿದರು. ಜೋಳ ಅಗ್ಗವಾದ ಆ ತಿಂಗಳಲ್ಲಿ ಅಕ್ಕನ ಹಿಂಡಿ ಮೂಟೆ ಅಗ್ಗವಾಯಿತೇ?

ಕೊಟ್ಟಿಗೆ ಮನೆ

ಇಲ್ಲ ಕಣಪ್ಪ. ಒಂದು ರೂಪಾಯಿಯೂ ಇಳಿಯಲಿಲ್ಲ. ಜೋಳ ಏರಿದಾಗ ಮಾತ್ರ ಮೂಟೆಗೆ ಹೊಸ ಬೆಲೆ ಚೀಟಿ ಬರುತ್ತದೆ.

ಒಂದು ಕೇಳುತ್ತೇನೆ. ಭತ್ತಕ್ಕೆ ಎಕರೆಗೆ ಎಷ್ಟು ಖರ್ಚು ಅಂತ ಯಾರೋ ಲೆಕ್ಕ ಹಾಕಿ ಬೆಂಬಲ ಬೆಲೆ ಹೇಳುತ್ತಾರಲ್ಲ, ಒಂದು ಲೀಟರ್ ಹಾಲಿಗೆ ಎಷ್ಟು ಖರ್ಚು ಅಂತ ಹಾಗೆ ಲೆಕ್ಕ ಹಾಕುವವರು ಇದ್ದಾರಾ ಸರ್?

ನಿವೃತ್ತ ಎಣಿಕೆದಾರ

ಬೆಳೆಗೆ ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಇದೆ. ಪ್ರತಿ ಹಂಗಾಮಿಗೆ ಖರ್ಚು ಲೆಕ್ಕ ಹಾಕಿ 22 ಬೆಳೆಗೆ ಬೆಂಬಲ ಬೆಲೆ ಶಿಫಾರಸು ಮಾಡುತ್ತದೆ. ಮನೆಯವರ ದುಡಿಮೆಯ ಕೂಲಿಯನ್ನೂ ಅದರಲ್ಲಿ ಸೇರಿಸುತ್ತಾರೆ. ಆ ಪಟ್ಟಿಯಲ್ಲಿ ಹಾಲು ಇಲ್ಲ, ಮೀನೂ ಇಲ್ಲ.

ಹಾಲಿನ ಉತ್ಪಾದನೆಯನ್ನಂತೂ ಈಗಲೇ ಬೇಸಿಗೆ, ಮಳೆಗಾಲ, ಚಳಿಗಾಲ ಅಂತ ಮೂರು ಸುತ್ತು ಆಯ್ದ ಹಳ್ಳಿಗಳಿಗೆ ಹೋಗಿ ಅಳೆಯುತ್ತಾರೆ. ಎಷ್ಟು ಹಸು ಕರೆಯುತ್ತಿದೆ, ಎಷ್ಟು ಕೊಟ್ಟಿತು ಅಂತ ಮನೆ ಬಾಗಿಲಲ್ಲೇ ಬರೆದುಕೊಳ್ಳುತ್ತಾರೆ. ಅದೇ ಮನೆಯಲ್ಲಿ ಅದೇ ದಿನ ಹಿಂಡಿ, ಮೇವು, ಔಷಧಿ, ದುಡಿಮೆಯ ಗಂಟೆ ಕೇಳಿ ಬರೆಯಲು ಇನ್ನೊಂದು ಪುಟ ಸಾಕು. ಈ ಬೇಡಿಕೆ ಇಡುವಂಥದ್ದೇ. ಪಶುಸಂಗೋಪನೆ ಇಲಾಖೆಗೆ ಬರೆಯುವುದಾದರೆ ಪತ್ರದ ಕರಡು ನಾನು ಮಾಡಿ ಕೊಡುತ್ತೇನೆ.

ಕೊಟ್ಟಿಗೆ ಮನೆ

ಮಾಡಿ ಕೊಡಿ ಸರ್. ದುಡಿಮೆಯ ಗಂಟೆ ಅನ್ನುವ ಸಾಲು ಬಿಡಬೇಡಿ, ಮೊದಲೇ ಇರಲಿ. ನಮ್ಮ ಮಹಿಳಾ ಹಾಲು ಸಂಘದಲ್ಲಿ ಓದಿ ಸಹಿ ಹಾಕಿಸುತ್ತೇನೆ.

ಮಲ್ಪೆ ಧಕ್ಕೆ

ಮೀನಿಗೂ ಒಂದು ಪುಟ ಸೇರಿಸಿ. ಒಂದು ಟ್ರಿಪ್‌ನ ಡೀಸೆಲ್, ಐಸ್, ಕಲಾಸಿಗಳ (ಬೋಟಿನ ಕೆಲಸಗಾರರ) ಪಾಲು, ಮತ್ತು ಫಿಶ್‌ಮಿಲ್‌ಗೆ ಹೋದ ಮರಿಮೀನು ಎಷ್ಟು ಕಿಲೋ ಅಂತ ಬೇರೆ ಸಾಲು. ನಮ್ಮ ಧಕ್ಕೆಯಲ್ಲಿ ಬೋಟ್ ನಡೆಸುವ ತಾಂಡೇಲರನ್ನು ಕೇಳಿ ಬರೆಸಿಕೊಡುತ್ತೇನೆ.

ದಾವಣಗೆರೆ ಹುಡುಗ

ಆಯಿತು. ವರದಿಯ ರಾಜ್ಯವಾರು ಕೋಷ್ಟಕದಿಂದ ಕರ್ನಾಟಕದ್ದನ್ನು ವರ್ಷ ವರ್ಷ ಬಿಡಿಸಿ, ಭಾನುವಾರದೊಳಗೆ ಬೇರೆ ಚರ್ಚೆಯಾಗಿ ಹಾಕುತ್ತೇನೆ. ತೊಗರಿ, ಹಾಲು, ಕುರಿ, ಸಮುದ್ರ ಮೀನು, ತೋಟದ ಮರ ಐದೂ ಪ್ರತ್ಯೇಕ. ಸ್ಥಿರ ಬೆಲೆ, ಆಯಾ ವರ್ಷದ ಬೆಲೆ ಎರಡೂ ಪಕ್ಕಪಕ್ಕದಲ್ಲಿ ಇರುತ್ತದೆ. ಕಾಕಾ, 2016-17ರ ತೊಗರಿ ಸಾಲನ್ನು ಮೊದಲು ನೀವೇ ನೋಡಿ ಹೇಳಿ.